ಕಪಾಟು ಒಂದೇ, ಹಣೆಪಟ್ಟಿ ಹಲವು: 42 ಡೆಬ್ ಪ್ಯಾಕೇಜುಗಳ ಭಂಡಾರ ವಿಂಗಡಿಸಿದ ದಾಖಲೆ

ಕೆಲಸಕ್ಕೆ ತೆಗೆದುಕೊಂಡದ್ದು ಶಾಲೆಗಳ ಕಂಪ್ಯೂಟರ್ ಕೊಠಡಿಗೆಂದು ಒಟ್ಟುಮಾಡಿದ 42 ಡೆಬ್ ಫೈಲುಗಳ ಸ್ಥಳೀಯ ಭಂಡಾರ. ಕಂಪ್ಯೂಟರ್‌ಗಳಲ್ಲಿ ಇರುವುದು ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ. ಡೆಬ್ ಎಂದರೆ ಅದರ ಪ್ಯಾಕೇಜು, ಸ್ಥಾಪನೆಗೆಂದು ಕಟ್ಟಿಟ್ಟ ತಂತ್ರಾಂಶದ ಫೈಲು. ಇಂಟರ್ನೆಟ್ ಇಲ್ಲದ ಕಡೆ ಕೊಠಡಿಯ ಸರ್ವರ್‌ನಿಂದಲೋ ಯುಎಸ್‌ಬಿ ಡ್ರೈವ್‌ನಿಂದಲೋ ಪ್ಯಾಕೇಜು ತಂದು ಸ್ಥಾಪಿಸುವ ಆಪ್ಟ್ ಎಂಬ ಸಾಧನದ ಮೂಲಕ ಇವನ್ನು ಹಾಕಿಕೊಳ್ಳಬೇಕು. ಕೆಲವು ಡೆಬಿಯನ್ ಭಂಡಾರದಿಂದಲೇ ಇಳಿಸಿಕೊಂಡವು, ಉಳಿದವು ಸ್ಥಳೀಯವಾಗಿ ಕಟ್ಟಿದವು. ಎಲ್ಲವೂ ಸ್ಥಾಪನೆಯಾಗುತ್ತಿದ್ದವು, ಆದರೆ ಬೇಕಾದ್ದು ಹುಡುಕಿದರೆ ಸಿಗುತ್ತಿರಲಿಲ್ಲ. ಪ್ಯಾಕೇಜು ಆರಿಸುವ ಸಿನಾಪ್ಟಿಕ್ ಎಂಬ ಪ್ರೋಗ್ರಾಂ ತೆರೆದರೆ ಎಡಗಡೆ ವಿಭಾಗಗಳ ಪಟ್ಟಿಯಲ್ಲಿ ಅರ್ಧದಷ್ಟು ಸಾಮಾನು ‘ಮಿಸ್ಕ್’ (ಇತರೆ), ‘ಯೂಟಿಲ್ಸ್’ (ಉಪಕರಣ) ಎಂಬ ಎರಡೇ ಗುಡ್ಡೆಯಲ್ಲಿ ಬಿದ್ದಿತ್ತು.

ಮೊದಲೇ ಒಂದು ಮಾತು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಆದೇಶ, ವಿಭಾಗ ಮತ್ತು ಪ್ಯಾಕೇಜಿನ ಹೆಸರುಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಬೇಕಾದ ಸಲಕರಣೆ

ಡಿಪಿಕೆಜಿ-ಡೆವ್ (ಇದರಲ್ಲಿ ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ ಇದೆ), ಆಪ್ಟ್-ಯೂಟಿಲ್ಸ್ (ಇದರಲ್ಲಿ ಆಪ್ಟ್-ಎಫ್‌ಟಿಪಿಆರ್ಕೈವ್ ಇದೆ), ಪ್ಯಾಕೇಜಿನ ತಪ್ಪು ಹುಡುಕಲು ಲಿಂಟಿಯನ್, ಮೆನುವಿನ ಫೈಲು ಪರೀಕ್ಷಿಸಲು ಡೆಸ್ಕ್‌ಟಾಪ್-ಫೈಲ್-ಯೂಟಿಲ್ಸ್, ಪ್ರೋಗ್ರಾಂ ವಿವರದ ಫೈಲು ಪರೀಕ್ಷಿಸಲು ಆಪ್‌ಸ್ಟ್ರೀಮ್, ಪ್ಯಾಕೇಜು ಹುಡುಕಲು ಆಪ್ಟಿಟ್ಯೂಡ್, ಸರಳ ಪ್ಯಾಕೇಜು ಕಟ್ಟಲು ಎಕ್ವಿವ್ಸ್, ಸಹಿ ಹಾಕಲು ಗ್ನೂಪಿಜಿ. ಇದಿಷ್ಟಲ್ಲದೆ ಎಲ್ಲ ಪಠ್ಯ ಫೈಲುಗಳನ್ನು ಇಡಲು ಒಂದು ಗಿಟ್ ಫೋಲ್ಡರ್. ಮೂಲ ಡೆಬ್ ಫೈಲುಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಟ್ಟ ಮೇಲೆಯೇ ಕೈ ಹಾಕಬೇಕು.

ಮೊದಲ ಎಣಿಕೆ

ಪ್ರತಿ ಡೆಬ್ ಫೈಲಿನ ಒಳಗೆ ಕಂಟ್ರೋಲ್ ಎಂಬ ಚಿಕ್ಕ ಪಠ್ಯ ಇರುತ್ತದೆ. ಅದರಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬನೆಗಳ ಜೊತೆಗೆ ‘ಸೆಕ್ಷನ್’ ಎಂಬ ಸಾಲೂ ಇರುತ್ತದೆ. ಡಿಪಿಕೆಜಿ-ಡೆಬ್ ಆದೇಶಕ್ಕೆ ‘-ಎಫ್’ ಆಯ್ಕೆ, ಫೈಲಿನ ಹೆಸರು, ಆಮೇಲೆ ಬೇಕಾದ ಸಾಲಿನ ಹೆಸರು ಕೊಟ್ಟರೆ ಅದನ್ನಷ್ಟೇ ಓದಿ ತೋರಿಸುತ್ತದೆ. ಇದನ್ನು ಒಂದು ಫಾರ್ ಲೂಪ್‌ನಲ್ಲಿ 42 ಫೈಲಿನ ಮೇಲೂ ಓಡಿಸಿ, ಬಂದದ್ದನ್ನು ಸಾರ್ಟ್‌ಗೂ, ಅಲ್ಲಿಂದ ಎಣಿಕೆ ಕೊಡುವ ‘ಯೂನಿಕ್ -ಸಿ’ಗೂ ದಾಟಿಸಿದಾಗ ಸಿಕ್ಕ ಲೆಕ್ಕ:

ಮಿಸ್ಕ್ 14
ಯೂಟಿಲ್ಸ್ 8
ಫಾಂಟ್ಸ್ 6
ಎಕ್ಸ್11 4
ವಿಭಾಗವೇ ಇಲ್ಲ 4
‘ಕನ್ನಡ’ 3
ಲೋಕಲೈಸೇಷನ್, ಟೆಕ್ಸ್ಟ್, ಗ್ರಾಫಿಕ್ಸ್ ತಲಾ 1

ಗಮನಿಸಬೇಕಾದದ್ದು ಕೊನೆಯ ಕಡೆಯ ‘ಕನ್ನಡ’ ಎಂಬ ವಿಭಾಗ. ಪ್ಯಾಕೇಜು ಕಟ್ಟುವಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬರೆದಿದ್ದಾರೆ. ಡೆಬ್ ಬಿಚ್ಚಿ ಸ್ಥಾಪಿಸುವ ಡಿಪಿಕೆಜಿ ಆಗಲಿ ಆಪ್ಟ್ ಆಗಲಿ ಇದಕ್ಕೆ ತಕರಾರು ತೆಗೆಯುವುದಿಲ್ಲ, ಕೊಟ್ಟ ಪದವನ್ನು ಹಾಗೇ ಒಪ್ಪಿಕೊಳ್ಳುತ್ತವೆ. ಲಿಂಟಿಯನ್ ಮಾತ್ರ ‘ಅನ್‌ನೋನ್-ಸೆಕ್ಷನ್’ ಎಂದು ಹೇಳುತ್ತದೆ. ಡೆಬಿಯನ್ ನೀತಿ ಕೈಪಿಡಿಯಲ್ಲಿ ವಿಭಾಗಗಳ ಪಟ್ಟಿ ಸಿದ್ಧವಾಗಿದೆ: ಅಡ್ಮಿನ್, ಡೇಟಾಬೇಸ್, ಡಾಕ್, ಎಜುಕೇಷನ್, ಫಾಂಟ್ಸ್, ಗ್ರಾಫಿಕ್ಸ್, ಲಿಬ್ಸ್, ಲಿಬ್‌ಡೆವೆಲ್, ಲೋಕಲೈಸೇಷನ್, ಮ್ಯಾತ್, ಸೈನ್ಸ್, ಸೌಂಡ್, ಟೆಕ್ಸ್ಟ್ ಹೀಗೆ. ಅದರಾಚೆ ಹೊಸ ಹೆಸರು ಹುಟ್ಟಿಸದಿರುವುದೇ ಒಳ್ಳೆಯದು.

ಕನ್ನಡ ಏಕೆ ಒಂದು ಕಪಾಟಲ್ಲ

ಈ ಇಡೀ ಕೆಲಸದ ತಿರುಳು ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಡೆಬಿಯನ್‌ನಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಪ್ಯಾಕೇಜುಗಳು ಎಲ್ಲೆಲ್ಲಿ ಕೂತಿವೆ ನೋಡಿ. ಗುಬ್ಬಿ, ನವಿಲು ಅಕ್ಷರಶೈಲಿಗಳು ಫಾಂಟ್ಸ್ ವಿಭಾಗದಲ್ಲಿ. ಕಾಗುಣಿತ ತಿದ್ದುವ ಆಸ್ಪೆಲ್ ಪದಪಟ್ಟಿ ಟೆಕ್ಸ್ಟ್‌ನಲ್ಲಿ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಓದುವ ಟೆಸರಾಕ್ಟ್‌ನ ಕನ್ನಡ ದತ್ತಾಂಶ ಗ್ರಾಫಿಕ್ಸ್‌ನಲ್ಲಿ. ಲಿಬ್ರೆಆಫೀಸ್‌ನ ಕನ್ನಡ ಅನುವಾದ ಲೋಕಲೈಸೇಷನ್‌ನಲ್ಲಿ. ಕನ್ನಡವನ್ನೂ ಓದಿ ಹೇಳುವ ಇ-ಸ್ಪೀಕ್ ಎನ್‌ಜಿ ಸೌಂಡ್‌ನಲ್ಲಿ. ಐದು ಬಗೆಯ ಸಾಮಾನು, ಐದು ಕಪಾಟು. ಪ್ರತಿಯೊಂದೂ ತನ್ನ ಕೆಲಸದ ಪ್ರಕಾರ ಸರಿಯಾದ ಜಾಗದಲ್ಲೇ ಇದೆ. ಇವನ್ನೆಲ್ಲ ಎಳೆದು ತಂದು ‘ಕನ್ನಡ’ ಎಂಬ ಒಂದೇ ಕಪಾಟಿಗೆ ತುಂಬಿದರೆ, ಫಾಂಟು ಹುಡುಕುವವನಿಗೆ ಗುಬ್ಬಿ ಕಾಣದೆ ಹೋಗುತ್ತದೆ. ಏಕೆಂದರೆ ಒಂದು ಪ್ಯಾಕೇಜಿಗೆ ಒಂದೇ ಸೆಕ್ಷನ್ ಸಾಲು, ಎರಡು ಬರೆಯಲು ಬರುವುದಿಲ್ಲ.

ಹೆಸರಿನಿಂದ ಹುಡುಕಿಕೊಳ್ಳಬಹುದಲ್ಲ ಎಂದರೆ ಅದೂ ಆಗದು. ಕೆಲವು ಫಾಂಟುಗಳ ಹೆಸರಿನ ಕೊನೆಯಲ್ಲಿ ಲಿಪಿಯ ನಾಲ್ಕಕ್ಷರದ ಸಂಕೇತ ‘ಕೆಎನ್‌ಡಿಎ’ ಇರುತ್ತದೆ. ಟೆಸರಾಕ್ಟ್‌ನದಕ್ಕೆ ಭಾಷೆಯ ಮೂರಕ್ಷರದ ‘ಕೆಎಎನ್’. ಆಸ್ಪೆಲ್, ಲಿಬ್ರೆಆಫೀಸ್ ಎರಡಕ್ಕೂ ಎರಡಕ್ಷರದ ‘ಕೆಎನ್’. ಗುಬ್ಬಿ ಮತ್ತು ನವಿಲಿನ ಹೆಸರಿನಲ್ಲಿ ಈ ಮೂರರಲ್ಲಿ ಯಾವುದೂ ಇಲ್ಲ. ಎರಡಕ್ಷರದ ‘ಕೆಎನ್’ ಕೊಟ್ಟು ಹುಡುಕಿದರೆ ಹೆಸರಿನ ನಡುವೆ ಆ ಎರಡಕ್ಷರ ಬರುವ, ಕನ್ನಡಕ್ಕೆ ಸಂಬಂಧವೇ ಇಲ್ಲದ ಪ್ಯಾಕೇಜುಗಳೆಲ್ಲ ಮೇಲೆ ಬೀಳುತ್ತವೆ.

ಈ ಗಂಟು ಬಿಡಿಸುವ ದಾರಿ ಗ್ರಂಥಾಲಯದವರಿಗೆ ಹಳೆಯದು. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಒಂದು ಪುಸ್ತಕವನ್ನು ಒಂದೇ ಮರದ ಒಂದೇ ಕೊಂಬೆಗೆ ಕಟ್ಟುವುದಿಲ್ಲ. ವಿಷಯದ ಬೇರೆ ಬೇರೆ ಮುಖಗಳನ್ನು, ಅಂದರೆ ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲಗಳನ್ನು ಬೇರೆಬೇರೆಯಾಗಿ ಗುರುತಿಸಿ ಜೋಡಿಸುತ್ತದೆ. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರು 1962ರಲ್ಲಿ ಇಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಭಾಗವಾಗಿ ಈಗಲೂ ಇದೆ. ಡೆಬಿಯನ್‌ನ ಡೆಬ್‌ಟ್ಯಾಗ್ಸ್ ಪದ್ಧತಿ ನಡೆಯುವುದು ಇದೇ ಮುಖವರ್ಗೀಕರಣದ ಮೇಲೆ. ಅಲ್ಲಿ ಹಣೆಪಟ್ಟಿಯ ರೂಪ ‘ಮುಖ::ಬೆಲೆ’. ಬೆಲೆ ಎಂದರೆ ಇಲ್ಲಿ ದುಡ್ಡಲ್ಲ, ಆ ಮುಖಕ್ಕೆ ತುಂಬುವ ಪದ. ನಡುವೆ ಎರಡು ಕೋಲನ್. ಒಂದು ಪ್ಯಾಕೇಜಿಗೆ ಎಷ್ಟು ಬೇಕಾದರೂ ಹಚ್ಚಬಹುದು.

ಹಾಗಾಗಿ ಕೆಲಸವನ್ನು ಮೂರು ತುಂಡು ಮಾಡಲಾಯಿತು. ಸೆಕ್ಷನ್ ಎಂದರೆ ಸಾಮಾನು ಇಡುವ ಕಪಾಟು, ಒಂದೇ. ಟ್ಯಾಗ್ ಎಂದರೆ ಹುಡುಕಲು ಹಚ್ಚುವ ಹಣೆಪಟ್ಟಿ, ಹಲವು. ಡೆಸ್ಕ್‌ಟಾಪ್ ಫೈಲಿನ (ಪ್ರೋಗ್ರಾಂ ಅನ್ನು ಮೆನುವಿಗೆ ಸೇರಿಸುವ ಚಿಕ್ಕ ಪಠ್ಯ) ಕೆಟಗರಿ ಎಂದರೆ ಬಳಸುವವರ ಮೆನುವಿನಲ್ಲಿ ಕಾಣುವ ಜಾಗ. ಈ ಮೂರನ್ನು ಒಂದರೊಳಗೊಂದು ಕಲಸಿದ್ದರಿಂದಲೇ ಭಂಡಾರ ಕೆಟ್ಟಿತ್ತು.

ಕಪಾಟು ಆರಿಸುವ ಕ್ರಮ

ಮೊದಲು, ಹೆಸರೇ ಹೇಳಿಬಿಡುವವನ್ನು ಪಕ್ಕಕ್ಕೆ ತೆಗೆಯಬೇಕು. ‘ಲಿಬ್’ನಿಂದ ಶುರುವಾಗಿ ಕೊನೆಗೆ ಅಂಕಿ ಇರುವ ಹಂಚಿಕೆಯ ಲೈಬ್ರರಿ ಲಿಬ್ಸ್‌ಗೆ. ಕೊನೆಗೆ ‘-ಡೆವ್’ ಇದ್ದರೆ ಲಿಬ್‌ಡೆವೆಲ್‌ಗೆ. ‘-ಡಾಕ್’ ಇದ್ದರೆ ಡಾಕ್‌ಗೆ. ‘ಲಿಬ್’ನಿಂದ ಶುರುವಾದರೂ ಕೊನೆಗೆ ‘-ಪರ್ಲ್’ ಇದ್ದರೆ ಪರ್ಲ್‌ಗೆ, ಲಿಬ್ಸ್‌ಗೆ ಅಲ್ಲ. ‘ಪೈಥಾನ್3-’ ಎಂದು ಶುರುವಾಗುವ ಮಾಡ್ಯೂಲ್ ಪೈಥಾನ್‌ಗೆ. ಹೆಸರಿಗೂ ವಿಭಾಗಕ್ಕೂ ತಾಳೆಯಾಗದಿದ್ದರೆ ಲಿಂಟಿಯನ್ ತಾನೇ ಎಚ್ಚರಿಸುತ್ತದೆ. ಇಲ್ಲಿಯ 42ರಲ್ಲಿ ಹೀಗೆ ತೀರ್ಮಾನವಾದದ್ದು ಆರು.

ಉಳಿದವಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಹಾಕಿಕೊಳ್ಳುವವರು ಇದರಿಂದ ಏನು ಮಾಡುತ್ತಾರೆ? ಯಾವ ಭಾಷೆಯಲ್ಲಿ ಬರೆದದ್ದು ಎಂಬುದು ಲೆಕ್ಕಕ್ಕಿಲ್ಲ. ಪೈಥಾನ್‌ನಲ್ಲಿ ಬರೆದ ಹಾಳೆ ಜೋಡಿಸುವ ಪ್ರೋಗ್ರಾಂ ಪೈಥಾನ್ ವಿಭಾಗಕ್ಕೆ ಹೋಗಬಾರದು, ಆ ವಿಭಾಗ ಪ್ರೋಗ್ರಾಂ ಬರೆಯುವವರು ಕರೆದುಕೊಳ್ಳುವ ಮಾಡ್ಯೂಲ್‌ಗಳಿಗೆ. ಕಿಟಕಿ ತೆರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಎಕ್ಸ್11ಕ್ಕೂ ಹಾಕಬಾರದು. ಅದು ಎಕ್ಸ್ ಸರ್ವರ್, ಕಿಟಕಿ ನಿರ್ವಾಹಕ ಮುಂತಾದವಕ್ಕೆ ಮೀಸಲು. ಅಲ್ಲಿ ಬಿದ್ದಿದ್ದ ನಾಲ್ಕರಲ್ಲಿ ಮೂರು ಎಜುಕೇಷನ್‌ಗೆ, ಒಂದು ಗ್ರಾಫಿಕ್ಸ್‌ಗೆ ಹೋದವು.

ದತ್ತಾಂಶ ಮಾತ್ರ ಇರುವ ಪ್ಯಾಕೇಜು ತನ್ನನ್ನು ಓದುವ ಎಂಜಿನ್ನಿನ ಹಿಂದೆ ಹೋಗುತ್ತದೆ. ಟೆಸರಾಕ್ಟ್ ದತ್ತಾಂಶ ಗ್ರಾಫಿಕ್ಸ್‌ನಲ್ಲಿರುವುದು ಹೊಸಬರಿಗೆ ವಿಚಿತ್ರ ಅನ್ನಿಸಬಹುದು, ಹೊರಗೆ ಬರುವುದು ಪಠ್ಯ ತಾನೇ ಎಂದು. ಆದರೆ ಎಂಜಿನ್ ಚಿತ್ರದ ಮೇಲೆ ಕೆಲಸ ಮಾಡುವುದರಿಂದ ಗ್ರಾಫಿಕ್ಸ್‌ನಲ್ಲಿದೆ, ಭಾಷಾ ದತ್ತಾಂಶ ಅದರ ಪಕ್ಕದಲ್ಲೇ ಇರಬೇಕು. ಇಂಥ ಸಂದೇಹ ಬಂದಾಗಲೆಲ್ಲ ‘ಆಪ್ಟ್ ಶೋ’ ಕೊಟ್ಟು ಡೆಬಿಯನ್‌ನಲ್ಲಿರುವ ಅತಿ ಹತ್ತಿರದ ಸಂಬಂಧಿ ಯಾವ ವಿಭಾಗದಲ್ಲಿದೆ ಎಂದು ನೋಡಿ, ಅಲ್ಲೇ ಹಾಕಿ. ಅರ್ಧ ಗಂಟೆಯ ಚರ್ಚೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಶಾಲೆಯ ಭಂಡಾರದಲ್ಲಿ ಮತ್ತೊಂದು ಸೆಳೆತ ಇರುತ್ತದೆ. ಎಲ್ಲವೂ ಮಕ್ಕಳಿಗೆ ತಾನೇ ಎಂದು ಎಲ್ಲವನ್ನೂ ಎಜುಕೇಷನ್‌ಗೆ ತಳ್ಳುವುದು. ಆಗ ‘ಮಿಸ್ಕ್’ ಗುಡ್ಡೆಯ ಹೆಸರು ಮಾತ್ರ ಬದಲಾಗುತ್ತದೆ. ಕಲಿಸುವುದೇ ಉದ್ದೇಶವಾಗಿ ಬರೆದ ಪ್ರೋಗ್ರಾಂ ಮಾತ್ರ ಅಲ್ಲಿಗೆ. ಮೂಲವಸ್ತುಗಳ ಕೋಷ್ಟಕ ತೋರಿಸುವ ಕಾಲ್ಜಿಯಂ ಸರಿ. ಚಿತ್ರ ತಿದ್ದುವ ಗಿಂಪ್ ಅನ್ನು ಶಾಲೆಯಲ್ಲಿ ಬಳಸಿದ ಮಾತ್ರಕ್ಕೆ ಅದು ಎಜುಕೇಷನ್ ಆಗುವುದಿಲ್ಲ.

ಪರವಾನಗಿ ಬೇರೆಯೇ ಅಕ್ಷ. ಮೇನ್, ಕಾಂಟ್ರಿಬ್, ನಾನ್-ಫ್ರೀ, ಡೆಬಿಯನ್ 12ರಿಂದ ನಾನ್-ಫ್ರೀ-ಫರ್ಮ್‌ವೇರ್, ಇವು ಭಂಡಾರದ ಪ್ರದೇಶಗಳೇ ಹೊರತು ವಿಭಾಗಗಳಲ್ಲ. ಮೇನ್ ಬಿಟ್ಟು ಉಳಿದೆಡೆ ಪ್ರದೇಶದ ಹೆಸರು ಮುಂದೆ, ಓರೆಗೆರೆ, ಆಮೇಲೆ ವಿಭಾಗ: ‘ಕಾಂಟ್ರಿಬ್/ಫಾಂಟ್ಸ್’ ಎಂಬಂತೆ. ಕನ್ನಡ ಫಾಂಟುಗಳ ವಿಷಯದಲ್ಲಿ ಇಲ್ಲಿ ಬಹಳ ಜನ ಎಡವುತ್ತಾರೆ. ದುಡ್ಡಿಲ್ಲದೆ ಸಿಕ್ಕಿದ್ದೆಲ್ಲ ಮುಕ್ತವಲ್ಲ. ತಿದ್ದಲು, ತಿದ್ದಿದ್ದನ್ನು ಹಂಚಲು ಅನುಮತಿ ಕೊಡುವ ಪರವಾನಗಿಯ ಪಠ್ಯ ಫಾಂಟಿನ ಜೊತೆಗಿರಬೇಕು. ಅದಿಲ್ಲದೆ ಸೀಡಿಯಿಂದ ಸೀಡಿಗೆ ಬಂದ ಎರಡು ಫಾಂಟನ್ನು ನಾನ್-ಫ್ರೀಗೂ ಹಾಕಲಿಲ್ಲ, ಭಂಡಾರದ ಹೊರಗೇ ಇಡಲಾಯಿತು. ಹಂಚಲು ಅನುಮತಿಯೇ ಇಲ್ಲದ ಮೇಲೆ ಯಾವ ಪ್ರದೇಶವೂ ಸಲ್ಲದು. ಈ ಎರಡು 42ರ ಲೆಕ್ಕದಲ್ಲಿಲ್ಲ.

ಓವರ್‌ರೈಡ್ ಫೈಲು

42 ಪ್ಯಾಕೇಜನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಗಿಲ್ಲ. ಆಪ್ಟ್ ಓದುವುದು ಭಂಡಾರದ ‘ಪ್ಯಾಕೇಜಸ್’ ಸೂಚಿಯನ್ನು. ಸೂಚಿ ತಯಾರಿಸುವಾಗ ಓವರ್‌ರೈಡ್ ಫೈಲು ಕೊಟ್ಟರೆ ಡೆಬ್ ಒಳಗಿನ ಮಾತನ್ನು ಬದಿಗಿಟ್ಟು ನಮ್ಮ ಮಾತನ್ನು ಬರೆಯುತ್ತದೆ. ಡೆಬಿಯನ್ ಭಂಡಾರದಲ್ಲೂ ಹೀಗೇ, ಕೊನೆಯ ತೀರ್ಮಾನ ಭಂಡಾರ ನೋಡಿಕೊಳ್ಳುವವರ ಓವರ್‌ರೈಡ್ ಪಟ್ಟಿಯದು. ಒಂದು ಪ್ಯಾಕೇಜಿಗೆ ಒಂದು ಸಾಲು, ಮೂರು ಕಾಲಂ:

ಫಾಂಟ್ಸ್-ಗುಬ್ಬಿ ಆಪ್ಷನಲ್ ಫಾಂಟ್ಸ್
ಆಸ್ಪೆಲ್-ಕೆಎನ್ ಆಪ್ಷನಲ್ ಟೆಕ್ಸ್ಟ್
ಟೆಸರಾಕ್ಟ್-ಒಸಿಆರ್-ಕೆಎಎನ್ ಆಪ್ಷನಲ್ ಗ್ರಾಫಿಕ್ಸ್

ಹೆಸರು, ಆದ್ಯತೆ, ವಿಭಾಗ. ಕ್ರಮ ಇದೇ. ಆದ್ಯತೆ ಎರಡನೆಯದು, ವಿಭಾಗ ಮೂರನೆಯದು. ಬಹುತೇಕರು ಇದನ್ನು ಹಿಂದುಮುಂದು ಬರೆಯುತ್ತಾರೆ. ಬರೆದರೆ ದೋಷವೇನೂ ತೋರುವುದಿಲ್ಲ, ಸಿನಾಪ್ಟಿಕ್‌ನಲ್ಲಿ ‘ಆಪ್ಷನಲ್’ ಎಂಬ ಹೊಸ ವಿಭಾಗ ಹುಟ್ಟಿಕೊಂಡಿರುತ್ತದೆ. ಅದು ಕಂಡರೆ ಕಾರಣ ಇದೇ ಎಂದು ತಿಳಿಯಿರಿ. ಆದ್ಯತೆಗೆ ಇಂಥ ಭಂಡಾರದಲ್ಲಿ ಎಲ್ಲಕ್ಕೂ ‘ಆಪ್ಷನಲ್’ ಸಾಕು. ಹಳೆಯ ಪ್ಯಾಕೇಜುಗಳಲ್ಲಿ ಕಾಣುವ ‘ಎಕ್ಸ್‌ಟ್ರಾ’ ಈಗ ಬಳಕೆಯಲ್ಲಿಲ್ಲ. ಸಾಲಿನ ಮೊದಲು ಹ್ಯಾಷ್ ಚಿಹ್ನೆ ಹಾಕಿದರೆ ಟಿಪ್ಪಣಿ ಬರೆಯಬಹುದು. ಗೊಂದಲವಿದ್ದ ಪ್ರತಿ ಪ್ಯಾಕೇಜಿನ ಮೇಲೆ ಒಂದು ಸಾಲಿನ ಕಾರಣ ಬರೆದಿಟ್ಟರೆ ಮುಂದೆ ಬರುವವರು ಅದೇ ಚರ್ಚೆಯನ್ನು ಮತ್ತೆ ಮಾಡುವುದು ತಪ್ಪುತ್ತದೆ.

ಸೂಚಿ ತಯಾರಿಸುವ ಆದೇಶ ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್. ಇದಕ್ಕೆ ಕೊಡಬೇಕಾದದ್ದು: ‘-ಎ’ ಆಯ್ಕೆಯ ಜೊತೆ ಕಂಪ್ಯೂಟರಿನ ಆರ್ಕಿಟೆಕ್ಚರ್ ಆದ ಎಎಮ್‌ಡಿ64, ‘-ಇ’ ಆಯ್ಕೆಯ ಜೊತೆ ಹೆಚ್ಚುವರಿ ಓವರ್‌ರೈಡ್ ಫೈಲು (ಹಣೆಪಟ್ಟಿಗಳದ್ದು, ಮುಂದೆ ಬರುತ್ತದೆ), ಆಮೇಲೆ ಡೆಬ್ ಇರುವ ಪೂಲ್ ಫೋಲ್ಡರ್, ಕೊನೆಗೆ ಓವರ್‌ರೈಡ್ ಫೈಲು. ಇಲ್ಲಿ ಮೂರು ಕಡೆ ಕೈ ತಪ್ಪುತ್ತದೆ.

ಒಂದು, ಆದೇಶವನ್ನು ಭಂಡಾರದ ಬೇರು ಫೋಲ್ಡರಿನಲ್ಲಿ ನಿಂತೇ ಕೊಡಬೇಕು. ಪೂಲ್ ಒಳಗೆ ಹೋಗಿ ಕೊಟ್ಟರೆ ಸೂಚಿಯ ‘ಫೈಲ್‌ನೇಮ್’ ಸಾಲಿನಲ್ಲಿ ಪೂಲ್ ಎಂಬ ತುಂಡು ಬರುವುದಿಲ್ಲ. ಪಟ್ಟಿಯಲ್ಲಿ ಪ್ಯಾಕೇಜು ಕಾಣುತ್ತದೆ, ಇಳಿಸಲು ಹೋದರೆ 404 ಬರುತ್ತದೆ.

ಎರಡು, ‘-ಎ’ ಕೊಟ್ಟಾಗ ಅದು ಹುಡುಕುವುದು ಹೆಸರಿನ ಕೊನೆಗೆ ಕೆಳಗೆರೆ ಮತ್ತು ‘ಎಎಮ್‌ಡಿ64’ ಅಥವಾ ‘ಆಲ್’ ಇರುವ ಫೈಲುಗಳನ್ನು ಮಾತ್ರ. ಯಾರಾದರೂ ಫೈಲಿನ ಹೆಸರನ್ನು ಚಿಕ್ಕದು ಮಾಡಿಟ್ಟಿದ್ದರೆ ಅದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮೊದಲ ಸಲ ಕೊನೆಯ ಸಾಲಿನಲ್ಲಿ ಬಂದ ಎಣಿಕೆ 39. ಕಾಣೆಯಾದ ಮೂರೂ ಹೀಗೆ ಹೆಸರು ಬದಲಾದವು. ಹೆಸರು, ಆವೃತ್ತಿ, ಆರ್ಕಿಟೆಕ್ಚರ್ ಮೂರನ್ನೂ ಕೆಳಗೆರೆಯಿಂದ ಜೋಡಿಸಿ ಮತ್ತೆ ಹೆಸರಿಟ್ಟ ಮೇಲೆ 42 ಬಂತು. ಈ ಎಣಿಕೆಯನ್ನು ಪೂಲ್‌ನಲ್ಲಿರುವ ಫೈಲುಗಳ ಎಣಿಕೆಯ ಜೊತೆ ಪ್ರತಿ ಸಲವೂ ತಾಳೆ ನೋಡಬೇಕು.

ಮೂರು, ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಇದ್ದರೆ ಹೊಸದು ಮಾತ್ರ ಸೂಚಿಗೆ ಬರುತ್ತದೆ. ಎರಡೂ ಬೇಕಿದ್ದರೆ ‘-ಎಮ್’ ಆಯ್ಕೆ.

ಓವರ್‌ರೈಡ್ ಫೈಲಿನಲ್ಲಿ ಸಾಲಿಲ್ಲದ ಪ್ಯಾಕೇಜು ಪೂಲ್‌ನಲ್ಲಿದ್ದರೆ ಈ ಆದೇಶ ಅದರ ಹೆಸರು ಹೇಳಿ ಎಚ್ಚರಿಸುತ್ತದೆ. ಈ ಎಚ್ಚರಿಕೆಯೇ ನಮ್ಮ ಕಾವಲುಗಾರ. ಹೊಸ ಪ್ಯಾಕೇಜು ವಿಂಗಡಣೆಯಾಗದೆ ಒಳಗೆ ನುಸುಳಲು ಬಿಡುವುದಿಲ್ಲ.

ಇದೇ ಕೆಲಸವನ್ನು ರೆಪ್ರೆಪ್ರೊ ಎಂಬ ಭಂಡಾರ ನಿರ್ವಹಿಸುವ ಸಾಧನದಲ್ಲಿ ಮಾಡುವವರು ಒಂದು ವ್ಯತ್ಯಾಸ ನೆನಪಿಡಬೇಕು. ಅದರ ಓವರ್‌ರೈಡ್ ಸಾಲು ಹೆಸರು, ಸಾಲಿನ ಶೀರ್ಷಿಕೆ, ಬೆಲೆ ಎಂಬ ಕ್ರಮದಲ್ಲಿರುತ್ತದೆ. ಮೇಲಿನ ಫೈಲನ್ನು ಹಾಗೇ ಎತ್ತಿಕೊಟ್ಟರೆ ನಡೆಯುವುದಿಲ್ಲ. ಸೆಕ್ಷನ್ ಇಲ್ಲದ ಡೆಬ್ ಅನ್ನು ರೆಪ್ರೆಪ್ರೊ ಸೇರಿಸಿಕೊಳ್ಳುವುದೂ ಇಲ್ಲ, ಬಿಟ್ಟು ಮುಂದೆ ಹೋಗುತ್ತದೆ. ನಮ್ಮಲ್ಲಿದ್ದ ವಿಭಾಗವಿಲ್ಲದ ನಾಲ್ಕು ಅಲ್ಲಾಗಿದ್ದರೆ ಬಾಗಿಲಲ್ಲೇ ನಿಲ್ಲುತ್ತಿದ್ದವು.

ಹಣೆಪಟ್ಟಿ ಹಚ್ಚುವುದು

ಹೆಚ್ಚುವರಿ ಓವರ್‌ರೈಡ್ ಫೈಲಿನ ಸಾಲು: ಪ್ಯಾಕೇಜಿನ ಹೆಸರು, ‘ಟ್ಯಾಗ್’ ಎಂಬ ಪದ, ಆಮೇಲೆ ಹಣೆಪಟ್ಟಿಗಳು. ಸಾಲನ್ನು ಮೂರೇ ತುಂಡಾಗಿ ಒಡೆಯುವುದರಿಂದ ಮೂರನೆಯ ತುಂಡಿನಲ್ಲಿ ಅಲ್ಪವಿರಾಮ, ಖಾಲಿ ಜಾಗ ಎಲ್ಲ ಇರಬಹುದು.

ಫಾಂಟ್ಸ್-ಗುಬ್ಬಿ ಟ್ಯಾಗ್ ರೋಲ್::ಆಪ್-ಡೇಟಾ, ಮೇಡ್-ಆಫ್::ಫಾಂಟ್, ಸ್ಕ್ರಿಪ್ಟ್::ಕೆಎನ್‌ಡಿಎ
ಆಸ್ಪೆಲ್-ಕೆಎನ್ ಟ್ಯಾಗ್ ರೋಲ್::ಆಪ್-ಡೇಟಾ, ಮೇಡ್-ಆಫ್::ಡಿಕ್ಷನರಿ, ಯೂಸ್::ಚೆಕಿಂಗ್, ಲ್ಯಾಂಗ್::ಕೆಎನ್, ಸ್ಕ್ರಿಪ್ಟ್::ಕೆಎನ್‌ಡಿಎ

ರೋಲ್, ಮೇಡ್-ಆಫ್, ಯೂಸ್ ಎಂಬ ಮುಖಗಳು ಡೆಬ್‌ಟ್ಯಾಗ್ಸ್‌ನವೇ. ಲ್ಯಾಂಗ್ ಮತ್ತು ಸ್ಕ್ರಿಪ್ಟ್ ಇಲ್ಲಿಗೆಂದು ಸೇರಿಸಿದ ಸ್ಥಳೀಯ ಮುಖಗಳು.

ಗುಬ್ಬಿಯ ಸಾಲಿನಲ್ಲಿ ಲ್ಯಾಂಗ್ ಏಕಿಲ್ಲ? ಫಾಂಟು ಲಿಪಿಗೆ ಸೇರಿದ್ದು, ಭಾಷೆಗಲ್ಲ. ಕನ್ನಡ ಲಿಪಿಯಲ್ಲಿ ತುಳು ಬರೆಯುತ್ತಾರೆ, ಕೊಡವ ತಕ್ಕ್ ಬರೆಯುತ್ತಾರೆ, ಕರಾವಳಿಯಲ್ಲಿ ಕೊಂಕಣಿ ಬರೆಯುತ್ತಾರೆ. ಗುಬ್ಬಿಗೆ ‘ಲ್ಯಾಂಗ್::ಕೆಎನ್’ ಎಂದು ಹಚ್ಚಿದರೆ ತುಳು ಪಾಠ ಮಾಡುವ ಶಿಕ್ಷಕರಿಗೆ ಫಾಂಟೇ ಇಲ್ಲ ಎಂದು ಹೇಳಿದಂತಾಗುತ್ತದೆ. ಪದಪಟ್ಟಿಗೆ ಭಾಷೆ ಮತ್ತು ಲಿಪಿ ಎರಡೂ ಬೇಕು. ಕೊಂಕಣಿಯ ಪದಪಟ್ಟಿ ಕನ್ನಡ, ದೇವನಾಗರಿ, ರೋಮನ್ ಮೂರರಲ್ಲಿ ಯಾವುದರಲ್ಲಿದೆ ಎಂಬುದು ಗೊತ್ತಾಗದಿದ್ದರೆ ಅದು ಬಳಕೆಗೆ ಬಾರದು. ತುಳುವಿಗೆ ಮುಂದೆ ಇನ್ನೊಂದು ಬೆಲೆಯೂ ಬೇಕಾಗಬಹುದು: 2024ರ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಪ್ರತ್ಯೇಕವಾಗಿ ಸೇರಿದೆ. ಎರಡು ಮುಖ ಬೇರೆ ಇಟ್ಟಿದ್ದರಿಂದ ಆಗ ಒಂದು ಹೊಸ ಬೆಲೆ ಸೇರಿಸಿದರೆ ಸಾಕು, ಹಳೆಯದನ್ನು ಕೀಳಬೇಕಾಗಿಲ್ಲ.

ಬೆಲೆಗಳನ್ನು ಒಂದೇ ಮಾನಕದಿಂದ ತೆಗೆದುಕೊಳ್ಳಿ. ಇಲ್ಲಿ ಭಾಷೆಗೆ ಎರಡಕ್ಷರದ ಸಂಕೇತ, ಅದಿಲ್ಲದ ಭಾಷೆಗೆ ಮೂರಕ್ಷರದ್ದು, ತುಳುವಿಗೆ ‘ಟಿಸಿವೈ’. ಲಿಪಿಗೆ ಯಾವಾಗಲೂ ನಾಲ್ಕಕ್ಷರ. ಎಲ್ಲ ಬೆಲೆಗಳ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು, ಅದರಲ್ಲಿಲ್ಲದ ಬೆಲೆ ಕಂಡರೆ ಸೂಚಿ ತಯಾರಿಕೆಯನ್ನೇ ನಿಲ್ಲಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದರೆ, ‘ಕೆಎನ್’ ಒಂದು ಕಡೆ ‘ಕೆಎಎನ್’ ಇನ್ನೊಂದು ಕಡೆ ಎಂಬ ಹಳೆಯ ರೋಗ ಮರಳುವುದಿಲ್ಲ.

ಹಣೆಪಟ್ಟಿ ಓದದ ಸಾಧನಗಳೂ ಇವೆ. ‘ಆಪ್ಟ್ ಸರ್ಚ್’ ನೋಡುವುದು ಹೆಸರು ಮತ್ತು ವಿವರಣೆಯನ್ನು. ಆದ್ದರಿಂದ ಸ್ಥಳೀಯವಾಗಿ ಕಟ್ಟಿದ ಪ್ರತಿ ಪ್ಯಾಕೇಜಿನ ವಿವರಣೆಯ ಮೊದಲ ಸಾಲಿನಲ್ಲಿ ಭಾಷೆಯ ಪೂರ್ತಿ ಹೆಸರು ಇರಲೇಬೇಕು. ಆ ಸಾಲು 80 ಅಕ್ಷರ ಮೀರಬಾರದು.

ವಿಭಾಗದ ಹೆಸರೇ ವರ್ತನೆ ಬದಲಿಸುವ ಎರಡು ಕಡೆ

ಸೆಕ್ಷನ್ ಬರೀ ಅಲಂಕಾರ ಎಂದು ತಿಳಿದವರು ಇಲ್ಲಿ ಪೆಟ್ಟು ತಿನ್ನುತ್ತಾರೆ.

ಭಂಡಾರದಲ್ಲಿ ಒಂದು ಮೆಟಾಪ್ಯಾಕೇಜು ಇತ್ತು. ಅದನ್ನು ಹಾಕಿದರೆ ಕನ್ನಡದ 19 ಪ್ಯಾಕೇಜು ಒಟ್ಟಿಗೆ ಬರುತ್ತವೆ. ಎಕ್ವಿವ್ಸ್‌ನಿಂದ ಕಟ್ಟಿದ್ದು, ಎಕ್ವಿವ್ಸ್ ಕೊಡುವ ನಮೂನೆಯಲ್ಲಿ ಸೆಕ್ಷನ್ ‘ಮಿಸ್ಕ್’ ಎಂದಿರುತ್ತದೆ, ಅದನ್ನು ಯಾರೂ ಬದಲಿಸಿರಲಿಲ್ಲ. ಹೀಗಿದ್ದಾಗ ಯಾರಾದರೂ ಆ 19ರಲ್ಲಿ ಬೇಡವಾದ ಒಂದನ್ನು ತೆಗೆದರೆ, ಅವಲಂಬನೆ ಮುರಿದು ಮೆಟಾಪ್ಯಾಕೇಜೂ ಹೋಗುತ್ತದೆ. ಮಿಕ್ಕ 18ಕ್ಕೆ ‘ತಾನಾಗಿ ಬಂದವು’ ಎಂಬ ಗುರುತು ಇರುವುದರಿಂದ ಮುಂದಿನ ಆಟೋರಿಮೂವ್ (ಯಾರಿಗೂ ಬೇಡವಾದವನ್ನು ತೆಗೆಯುವ ಆಪ್ಟ್ ಆದೇಶ) ಅವನ್ನೆಲ್ಲ ಗುಡಿಸಿ ಹಾಕುತ್ತದೆ.

ಆಪ್ಟ್‌ನ ಸಂರಚನೆಯಲ್ಲಿ ‘ನೆವರ್-ಮಾರ್ಕ್‌ಆಟೋ-ಸೆಕ್ಷನ್ಸ್’ ಎಂಬ ಪಟ್ಟಿ ಇದೆ, ಅದರಲ್ಲಿ ‘ಮೆಟಾಪ್ಯಾಕೇಜಸ್’ ವಿಭಾಗವೂ ಇದೆ. ಆ ವಿಭಾಗದ ಪ್ಯಾಕೇಜು ನೇರವಾಗಿ ತಂದವನ್ನು, ಅದು ಹೋದ ಮೇಲೂ, ಆಟೋರಿಮೂವ್ ಮುಟ್ಟುವುದಿಲ್ಲ. ಸೆಕ್ಷನ್ ಸಾಲಿನ ಒಂದೇ ಪದ ಬದಲಿಸಿದರೆ ಇಷ್ಟು ಉಳಿಯುತ್ತದೆ. ಆದರೆ ಈ ಒಂದನ್ನು ಓವರ್‌ರೈಡ್‌ನಲ್ಲಿ ಮಾತ್ರ ಬದಲಿಸಿದರೆ ಸಾಲದು. ಈಗಾಗಲೇ ಸ್ಥಾಪನೆಯಾದ ಕಂಪ್ಯೂಟರ್‌ಗಳಲ್ಲಿ ಆವೃತ್ತಿ ಅದೇ ಇರುವುದರಿಂದ ಮರುಸ್ಥಾಪನೆ ಆಗುವುದಿಲ್ಲ. ಎಕ್ವಿವ್ಸ್‌ನ ಮೂಲ ಫೈಲಿನಲ್ಲೇ ತಿದ್ದಿ, ಆವೃತ್ತಿ 1.0 ಇದ್ದದ್ದನ್ನು 1.1 ಮಾಡಿ, ಮತ್ತೆ ಕಟ್ಟಿ ಪೂಲ್‌ಗೆ ಹಾಕಲಾಯಿತು. ಹಳೆಯ ಕಂಪ್ಯೂಟರ್‌ಗಳಲ್ಲಿ ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಆದೇಶದಿಂದ 19ಕ್ಕೂ ಕೈಯಾರೆ ಗುರುತು ಹಾಕುವುದು ಕ್ಷೇಮ. ಪರೀಕ್ಷೆಗೆ ‘ಆಪ್ಟ್-ಗೆಟ್ -ಎಸ್ ಆಟೋರಿಮೂವ್’. ‘-ಎಸ್’ ಇದ್ದರೆ ಏನು ಅಳಿಸುತ್ತಿತ್ತು ಎಂದು ಹೇಳುತ್ತದೆ, ಅಳಿಸುವುದಿಲ್ಲ.

ಎರಡನೆಯದು ‘ಓಲ್ಡ್‌ಲಿಬ್ಸ್’. ಪ್ಯಾಕೇಜಿನ ಹೆಸರು ಬದಲಾದಾಗ ಹಳೆಯ ಹೆಸರಿನಲ್ಲಿ ಖಾಲಿ ಪ್ಯಾಕೇಜೊಂದನ್ನು ಇಟ್ಟು ಅದು ಹೊಸದನ್ನು ಎಳೆದುಕೊಳ್ಳುವಂತೆ ಮಾಡುತ್ತಾರಲ್ಲ, ಅದನ್ನು ಈ ವಿಭಾಗಕ್ಕೆ ಹಾಕಿದರೆ ‘ಕೈಯಾರೆ ಹಾಕಿದ್ದು’ ಎಂಬ ಗುರುತು ಹೊಸ ಪ್ಯಾಕೇಜಿಗೆ ವರ್ಗವಾಗುತ್ತದೆ, ಖಾಲಿಯದು ಮುಂದಿನ ಆಟೋರಿಮೂವ್‌ನಲ್ಲಿ ಹೋಗುತ್ತದೆ. ಲಿಬ್ಸ್‌ನಲ್ಲೋ ಮಿಸ್ಕ್‌ನಲ್ಲೋ ಇಟ್ಟರೆ ಈ ವರ್ಗಾವಣೆ ನಡೆಯುವುದಿಲ್ಲ.

ಮೆನುವಿನ ಕೆಟಗರಿ

ಕಿಟಕಿ ತೆರೆಯುವ ಪ್ರೋಗ್ರಾಂಗಳು ಇಲ್ಲಿ 11. ಮೆನು ಸೆಕ್ಷನ್ ನೋಡುವುದಿಲ್ಲ. ಅದು ನೋಡುವುದು ಡೆಸ್ಕ್‌ಟಾಪ್ ಫೈಲಿನ ‘ಕೆಟಗರೀಸ್’ ಸಾಲನ್ನು. ಇದರ ಮುಖ್ಯ ಕೆಟಗರಿಗಳನ್ನು ಫ್ರೀಡೆಸ್ಕ್‌ಟಾಪ್ ಎಂಬ ಮಾನಕ ಯೋಜನೆ ನಿರ್ದಿಷ್ಟಪಡಿಸಿದೆ: ಆಡಿಯೋವಿಡಿಯೋ, ಡೆವಲಪ್‌ಮೆಂಟ್, ಎಜುಕೇಷನ್, ಗೇಮ್, ಗ್ರಾಫಿಕ್ಸ್, ನೆಟ್‌ವರ್ಕ್, ಆಫೀಸ್, ಸೈನ್ಸ್, ಸೆಟ್ಟಿಂಗ್ಸ್, ಸಿಸ್ಟಮ್, ಯೂಟಿಲಿಟಿ ಇತ್ಯಾದಿ. ಆಡಿಯೋ ಅಥವಾ ವಿಡಿಯೋ ಎಂದು ಬರೆದರೆ ಜೊತೆಗೆ ಆಡಿಯೋವಿಡಿಯೋ ಕಡ್ಡಾಯ. ಸೆಕ್ಷನ್‌ಗೆ ವ್ಯತಿರಿಕ್ತವಾಗಿ ಇಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಆ ಮಾನಕದಲ್ಲಿರುವಂತೆಯೇ ಇರಬೇಕು, ಪ್ರತಿಯೊಂದರ ನಂತರ ಅರ್ಧವಿರಾಮ.

ಮುಖ್ಯ ಕೆಟಗರಿ ಒಂದೂ ಇಲ್ಲದಿದ್ದರೆ ಪ್ರೋಗ್ರಾಂ ‘ಇತರೆ’ಗೆ ಬೀಳುತ್ತದೆ. ಎರಡು ಇದ್ದರೆ ಕೆಲವು ಮೆನುಗಳಲ್ಲಿ ಎರಡು ಕಡೆ ಕಾಣುತ್ತದೆ. ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್ ಎರಡನ್ನೂ ಹೇಳುತ್ತದೆ. 11ರಲ್ಲಿ 5ಕ್ಕೆ ದೂರು ಬಂತು, ತಿದ್ದಲು ಹತ್ತು ನಿಮಿಷ.

ಕೆಟಗರಿಯ ಪದವನ್ನು ಕನ್ನಡಕ್ಕೆ ಅನುವಾದಿಸುವಂತಿಲ್ಲ, ಮೆನು ತಾನೇ ಕನ್ನಡದಲ್ಲಿ ತೋರಿಸುತ್ತದೆ. ಕನ್ನಡದಲ್ಲಿ ಬರೆಯಬೇಕಾದ ಜಾಗ ಬೇರೆ: ಹೆಸರು, ವಿವರ ಮತ್ತು ‘ಕೀವರ್ಡ್ಸ್’ ಸಾಲುಗಳಿಗೆ ಚೌಕ ಆವರಣದಲ್ಲಿ ‘ಕೆಎನ್’ ಹಾಕಿದ ಪ್ರತಿ. ಹುಡುಕುಪದಗಳನ್ನು ಜನ ಟೈಪಿಸುವ ರೂಪದಲ್ಲೇ ಕೊಡಿ. ಕಾಗುಣಿತ ತಿದ್ದುವ ಪ್ರೋಗ್ರಾಂಗೆ ‘ಕಾಗುಣಿತ’, ‘ಸ್ಪೆಲ್ಲಿಂಗ್’, ‘ತಪ್ಪು’, ‘ಪದ’ ನಾಲ್ಕೂ. ‘ವರ್ಣಸಂಯೋಜನೆ ಪರಿಶೀಲಕ’ ಎಂದು ಯಾವ ಮಗುವೂ ಹುಡುಕುವುದಿಲ್ಲ.

ಚಿತ್ರ, ವಿವರ ತೋರಿಸಿ ಪ್ರೋಗ್ರಾಂ ಆರಿಸಿಕೊಳ್ಳಲು ಬಿಡುವ ಗ್ನೋಮ್ ಸಾಫ್ಟ್‌ವೇರ್ ಓದುವುದು ಆಪ್‌ಸ್ಟ್ರೀಮ್ ದತ್ತಾಂಶ, ಅದು ಮೆಟಾಇನ್ಫೊ ಎಂಬ ವಿವರದ ಫೈಲುಗಳಿಂದ ಬರುತ್ತದೆ. ಅದನ್ನು ಸ್ಥಳೀಯ ಭಂಡಾರಕ್ಕೆ ಹೊಂದಿಸುವುದು ಬೇರೆಯೇ ಕೆಲಸವಾದ್ದರಿಂದ ಈ ಸುತ್ತಿನಲ್ಲಿ ಮೆಟಾಇನ್ಫೊ ಫೈಲುಗಳನ್ನು ಆಪ್‌ಸ್ಟ್ರೀಮ್‌ಸಿಎಲ್‌ಐ ವ್ಯಾಲಿಡೇಟ್‌ನಿಂದ ಸರಿಪಡಿಸಿ ಅಷ್ಟಕ್ಕೆ ಬಿಡಲಾಯಿತು.

ಬೇರೆಯವರ ದಾರಿ

ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯವ್ಯವಸ್ಥೆಯ ತಂತ್ರಾಂಶ ಭಂಡಾರವಾದ ಪೋರ್ಟ್ಸ್‌ನಲ್ಲಿ ಒಂದು ಪೋರ್ಟಿಗೆ ಹಲವು ಕೆಟಗರಿ ಬರೆಯಬಹುದು, ಆದರೆ ಮೊದಲನೆಯದೇ ಅದರ ಫೋಲ್ಡರ್. ಜಪಾನೀಸ್, ಚೈನೀಸ್, ಕೊರಿಯನ್, ರಷ್ಯನ್ ಎಂದು ಭಾಷೆಗಳಿಗೇ ಕಪಾಟೂ ಇವೆ. ಅಲ್ಲಿ ಜಾಗ ಬದಲಿಸಿದರೆ ‘ಮೂವ್ಡ್’ ಎಂಬ ಫೈಲಿನಲ್ಲಿ ದಾಖಲಿಸಬೇಕು. ನಿಕ್ಸ್ ಎಂಬ ಪ್ಯಾಕೇಜು ವ್ಯವಸ್ಥೆಯ ಭಂಡಾರ ನಿಕ್ಸ್‌ಪ್ಯಾಕೇಜಸ್‌ನವರು ಯಾವುದು ಎಲ್ಲಿಗೆ ಎಂಬ ಚರ್ಚೆಯಿಂದ ಬೇಸತ್ತು ಹೊಸ ಪ್ಯಾಕೇಜುಗಳಿಗೆ ಕಪಾಟನ್ನೇ ಬಿಟ್ಟರು. ‘ಬೈ-ನೇಮ್’ ಫೋಲ್ಡರಿನಲ್ಲಿ ಹೆಸರಿನ ಮೊದಲ ಎರಡಕ್ಷರದ ಕೆಳಗೆ ಪ್ಯಾಕೇಜು. ಫೈಲು ಇಡುವ ಜಾಗಕ್ಕೂ ಹುಡುಕುವ ದಾರಿಗೂ ಸಂಬಂಧ ಇರಬೇಕಾಗಿಲ್ಲ ಎಂಬ ಅವರ ನಿಲುವು ಸರಿಯೇ. ಆದರೆ ಸಿನಾಪ್ಟಿಕ್‌ನ ಎಡಗಡೆ ಪಟ್ಟಿ ನೋಡಿ ಆರಿಸುವ ಶಿಕ್ಷಕರಿರುವಲ್ಲಿ ಕಪಾಟು ಬಿಡಲಾಗದು.

ಸಹಿ, ಪರೀಕ್ಷೆ

ಸೂಚಿ ಬದಲಾದ ಪ್ರತಿ ಸಲವೂ ಅದನ್ನು ಮತ್ತೆ ಸಂಕುಚಿಸಬೇಕು, ಸೂಚಿಗಳ ಹ್ಯಾಷ್ ಮೊತ್ತ ಬರೆದಿರುವ ಹಳೆಯ ರಿಲೀಸ್ ಫೈಲು ಅಳಿಸಬೇಕು, ಆಪ್ಟ್-ಎಫ್‌ಟಿಪಿಆರ್ಕೈವ್‌ನಿಂದ ಹೊಸದು ಮಾಡಬೇಕು, ಗ್ನೂಪಿಜಿಯಿಂದ ಸಹಿ ಹಾಕಿ ಇನ್‌ರಿಲೀಸ್ (ಸಹಿ ಒಳಗೊಂಡ ರಿಲೀಸ್ ಫೈಲು) ಮಾಡಬೇಕು. ಈ ನಾಲ್ಕನ್ನೂ ಒಂದೇ ಸ್ಕ್ರಿಪ್ಟಿಗೆ ಹಾಕಿ. ಒಂದು ತಪ್ಪಿದರೂ ಕೊಠಡಿಯ ಎಲ್ಲ ಕಂಪ್ಯೂಟರ್‌ಗಳಲ್ಲಿ ‘ಹ್ಯಾಷ್ ಸಮ್ ಮಿಸ್‌ಮ್ಯಾಚ್’ ಬರಬಹುದು. ‘ರಿಲೀಸ್ ಫೈಲು ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬ ಅರ್ಥದ ದೋಷ ಒಂದೆರಡು ಕಂಪ್ಯೂಟರ್‌ನಲ್ಲಷ್ಟೇ ಬಂದರೆ ಭಂಡಾರವನ್ನು ಮುಟ್ಟಬೇಡಿ. ಆ ಕಂಪ್ಯೂಟರ್‌ನ ಮದರ್‌ಬೋರ್ಡ್ ಸೆಲ್ ಸತ್ತು ಗಡಿಯಾರ ಹಿಂದೆ ಓಡಿರುತ್ತದೆ.

ಪರೀಕ್ಷೆ ಆಪ್ಟಿಟ್ಯೂಡ್‌ನಲ್ಲಿ. ‘?ಸೆಕ್ಷನ್’ ಮತ್ತು ‘?ಟ್ಯಾಗ್’ ಎರಡರಿಂದಲೂ ಹುಡುಕಬಹುದು. ‘?ಸೆಕ್ಷನ್’ ಪದದ ತುಂಡನ್ನೂ ಹಿಡಿಯುತ್ತದೆ, ಲಿಬ್ಸ್ ಎಂದರೆ ಓಲ್ಡ್‌ಲಿಬ್ಸ್ ಕೂಡ ಬರುತ್ತದೆ. ಮುಂದೆ ಕ್ಯಾರೆಟ್, ಹಿಂದೆ ಡಾಲರ್ ಚಿಹ್ನೆ ಹಾಕಿ ಬಿಗಿ ಮಾಡಬೇಕು. ಎಣಿಕೆಯ ಲೂಪನ್ನು ಈ ಸಲ ಡೆಬ್‌ಗಳ ಮೇಲಲ್ಲದೆ ಪ್ಯಾಕೇಜಸ್ ಸೂಚಿಯ ಸೆಕ್ಷನ್ ಸಾಲುಗಳ ಮೇಲೆ ಓಡಿಸಿದಾಗ:

ಫಾಂಟ್ಸ್ 9
ಎಜುಕೇಷನ್ 6
ಲೋಕಲೈಸೇಷನ್ 5
ಟೆಕ್ಸ್ಟ್ 5
ಲಿಬ್ಸ್, ಗ್ರಾಫಿಕ್ಸ್, ಯೂಟಿಲ್ಸ್ ತಲಾ 3
ಸೌಂಡ್, ಡಾಕ್, ಮೆಟಾಪ್ಯಾಕೇಜಸ್ ತಲಾ 2
ಪೈಥಾನ್ 1
ಮಿಸ್ಕ್ 1

ಮಿಸ್ಕ್‌ನಲ್ಲಿ ಉಳಿದ ಆ ಒಂದು ಕೊಠಡಿಯ ಪರದೆಯ ಹಿನ್ನೆಲೆ ಚಿತ್ರ, ಪ್ರಿಂಟರ್ ಸಂರಚನೆ, ಶಾಲಾ ಗಂಟೆಯ ವೇಳಾಪಟ್ಟಿ ಮೂರನ್ನೂ ಒಟ್ಟಿಗೆ ಕಟ್ಟಿದ ಪ್ಯಾಕೇಜು. ಅದಕ್ಕೆ ಸರಿಯಾದ ಕಪಾಟು ಹುಡುಕುವುದಕ್ಕಿಂತ ಅದನ್ನೇ ಮೂರಾಗಿ ಒಡೆಯಬೇಕು. ಓವರ್‌ರೈಡ್ ಫೈಲಿನಲ್ಲಿ ಅದರ ಮೇಲೆ ಹಾಗೆಂದು ಟಿಪ್ಪಣಿ ಹಾಕಿದೆ. ಸ್ಥಳೀಯವಾಗಿ ಕಟ್ಟಿದ ಉಳಿದವುಗಳ ಮೂಲದಲ್ಲೂ, ಮುಂದಿನ ಆವೃತ್ತಿ ಕಟ್ಟುವಾಗ, ಡೆಬಿಯನ್/ಕಂಟ್ರೋಲ್ ಫೈಲಿನ ಸೆಕ್ಷನ್ ಸಾಲನ್ನು ತಿದ್ದಬೇಕು. ಓವರ್‌ರೈಡ್ ತಿದ್ದುವುದು ಸೂಚಿಯನ್ನು ಮಾತ್ರ. ಯಾರಾದರೂ ಪೂಲ್‌ನಿಂದ ಡೆಬ್ ಫೈಲನ್ನು ನೇರವಾಗಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಅದರೊಳಗೆ ಹಳೆಯ ವಿಭಾಗವೇ ಇರುತ್ತದೆ.